ಯಾವ ಪರಿಚಯ ಎಷ್ಟು ದೂರ ಬರುತ್ತದೆ: ಅನುಭವಿ ಸಾಫ್ಟ್‌ವೇರ್ ಎಂಜಿನಿಯರುಗಳಿಗೆ ಕೆಲಸ ಹುಡುಕುವ ದಾರಿಗಳ ಹೋಲಿಕೆ

ನಾನಿದ್ದ ತಂಡವನ್ನು ಕಂಪನಿಯು ಮುಚ್ಚಿದಾಗ ನನಗೆ ಹದಿನಾರು ವರ್ಷಗಳ ಅನುಭವವಿತ್ತು. ಮರುದಿನದಿಂದಲೇ ದಿನಕ್ಕೆ ಹತ್ತು ಹನ್ನೆರಡು ಕಡೆ ಅರ್ಜಿ ಹಾಕತೊಡಗಿದೆ. ಆರು ವಾರ ಹಾಗೆಯೇ ಕಳೆಯಿತು. ಬಂದ ಕರೆಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿಯೂ ಹೆಚ್ಚಿನವು ಸಂಬಳದ ಪ್ರಶ್ನೆಯಲ್ಲಿಯೇ ಮುಗಿದವು. ಕೊನೆಗೆ ಕೆಲಸದ ಸುದ್ದಿ ಬಂದದ್ದು 2013ರಲ್ಲಿ ಒಂದು ಬಿಲ್ಲಿಂಗ್ ವ್ಯವಸ್ಥೆಯನ್ನು ಕಟ್ಟುವಾಗ ನಮ್ಮ ತಂಡದಲ್ಲಿ ಟೆಸ್ಟರ್ ಆಗಿದ್ದ ಒಬ್ಬರಿಂದ. ನಾವು ಆಪ್ತರೇನೂ ಆಗಿರಲಿಲ್ಲ, ಏಳೆಂಟು ವರ್ಷಗಳಿಂದ ಮಾತನಾಡಿಯೂ ಇರಲಿಲ್ಲ. ಆದರೆ ಒಂದು ರಿಲೀಸ್‌ನ ರಾತ್ರಿ ನನ್ನ ಕೋಡಿನಲ್ಲಿ ಅವರು ಕಂಡುಹಿಡಿದ ತಪ್ಪನ್ನು ನಾನು ವಾದಿಸದೆ ಒಪ್ಪಿಕೊಂಡು, ಬೆಳಗಾಗುವುದರೊಳಗೆ ಸರಿಪಡಿಸಿ ಕೊಟ್ಟದ್ದನ್ನು ಅವರು ಮರೆತಿರಲಿಲ್ಲ. ತಮ್ಮ ಈಗಿನ ಮ್ಯಾನೇಜರಿಗೆ ನನ್ನ ಬಗ್ಗೆ ಅವರು ಹೇಳಿದ್ದು ಆ ಒಂದು ರಾತ್ರಿಯ ಸಂಗತಿಯನ್ನೇ.

ಅಂದಿನಿಂದ ಕೆಲಸ ಹುಡುಕುವ ಗೆಳೆಯರೊಂದಿಗೆ ಕುಳಿತು ಅವರ ಹುಡುಕಾಟವನ್ನು ಯೋಜಿಸಲು ನೆರವಾಗುತ್ತ ಬಂದಿದ್ದೇನೆ. ಹತ್ತರಿಂದ ಹದಿನೆಂಟು ವರ್ಷಗಳ ಅನುಭವವುಳ್ಳ ಡೆವಲಪರ್, ಟೆಕ್ ಲೀಡ್ ಅಥವಾ ಆರ್ಕಿಟೆಕ್ಟ್ ತನ್ನ ಸೀಮಿತ ಸಮಯವನ್ನು ಯಾವ ಬಗೆಯ ಪರಿಚಯದ ಮೇಲೆ ತೊಡಗಿಸಬೇಕು ಎಂಬ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸುತ್ತೇನೆ. ಉದಾಹರಣೆಗಳು ಬಹುಮಟ್ಟಿಗೆ ಬೆಂಗಳೂರಿನವು, ಏಕೆಂದರೆ ನಾನು ಬಲ್ಲ ಮಾರುಕಟ್ಟೆ ಅದು.

ಅಳೆಯುವ ಬಗೆ

ಹೊಸದಾಗಿ ಕಾಲೇಜು ಮುಗಿಸಿದವರನ್ನು ಕಂಪನಿಗಳು ಗುಂಪಾಗಿ ತೆಗೆದುಕೊಳ್ಳುತ್ತವೆ. ಅಲ್ಲಿ ಅಂಕ ಮತ್ತು ಪರೀಕ್ಷೆ ಸಾಕು. ಹದಿನಾಲ್ಕು ವರ್ಷದ ಅನುಭವಿಗೆ ಹುದ್ದೆಗಳು ಕಡಿಮೆ, ಒಂದೊಂದು ಹುದ್ದೆಯೂ ಒಂದು ನಿರ್ದಿಷ್ಟ ತೊಂದರೆಯನ್ನು ಬಗೆಹರಿಸಲು ತೆರೆದದ್ದು. ಅಂಥ ಅಭ್ಯರ್ಥಿಯ ರೆಸ್ಯೂಮೆ ಕೈಗೆ ಬಂದಾಗ ಹೈರಿಂಗ್ ಮ್ಯಾನೇಜರ್ (ತಮ್ಮ ತಂಡಕ್ಕೆ ಜನರನ್ನು ಆರಿಸುವ ಮ್ಯಾನೇಜರ್) ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆಗಳೇ ಬೇರೆ: ಇವರು ಈಗಲೂ ಕೈಯಾರೆ ಕೋಡ್ ಬರೆಯುತ್ತಾರೆಯೇ, ತಮಗಿಂತ ಕಿರಿಯರು ಹೇಳಿದ್ದನ್ನು ಕೇಳುತ್ತಾರೆಯೇ, ದೊಡ್ಡ ಹೆಸರಿನ ಯೋಜನೆಯಲ್ಲಿ ಇವರ ಪಾಲು ನಿಜವಾಗಿ ಎಷ್ಟಿತ್ತು? ಇವುಗಳಿಗೆ ರೆಸ್ಯೂಮೆ ಉತ್ತರ ಕೊಡಲಾರದು. ಜೊತೆಯಲ್ಲಿ ದುಡಿದವರು ಮಾತ್ರ ಕೊಡಬಲ್ಲರು.

ಆದ್ದರಿಂದ ಪ್ರತಿಯೊಂದು ದಾರಿಯನ್ನೂ ನಾನು ಎರಡು ಅಳತೆಗಳಲ್ಲಿ ನೋಡುತ್ತೇನೆ. ಮೊದಲನೆಯದು ಸುದ್ದಿ: ನನಗೆ ಗೊತ್ತಿಲ್ಲದ ಹುದ್ದೆಯ ವಿಷಯ ಅದರಿಂದ ತಿಳಿಯುತ್ತದೆಯೇ? ಎರಡನೆಯದು ಸಾಕ್ಷ್ಯ: ಆ ದಾರಿಯಲ್ಲಿರುವ ವ್ಯಕ್ತಿ ನನ್ನ ಕೆಲಸದ ಬಗ್ಗೆ ಕಣ್ಣಾರೆ ಕಂಡದ್ದನ್ನು ಹೇಳಬಲ್ಲರೇ?

ಸುದ್ದಿಯ ವಿಷಯದಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್ 1973ರಲ್ಲಿ ಪ್ರಕಟಿಸಿದ ಲೇಖನವನ್ನು ಇಂದಿಗೂ ಎಲ್ಲರೂ ಉಲ್ಲೇಖಿಸುತ್ತಾರೆ. ಅಮೆರಿಕದ ಬಾಸ್ಟನ್ ನಗರದ ಹೊರವಲಯದಲ್ಲಿರುವ ನ್ಯೂಟನ್ ಎಂಬ ಊರಿನಲ್ಲಿ, ಪರಿಚಯಸ್ಥರ ಮೂಲಕ ಕೆಲಸ ಪಡೆದ 54 ಮಂದಿ ವೃತ್ತಿನಿರತರನ್ನು ಅವರು ಕೇಳಿದಾಗ, ಆ ಪರಿಚಯಸ್ಥರನ್ನು ವಾರಕ್ಕೆ ಎರಡು ಬಾರಿಯಾದರೂ ನೋಡುತ್ತಿದ್ದೆವು ಎಂದವರು ಶೇ. 16.7 ಮಾತ್ರ, ಅದಕ್ಕಿಂತ ಕಡಿಮೆ, ಆದರೆ ವರ್ಷಕ್ಕೊಮ್ಮೆಗಿಂತ ಹೆಚ್ಚು ನೋಡುತ್ತಿದ್ದೆವು ಎಂದವರು ಶೇ. 55.6, ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಕಡಿಮೆ ಎಂದವರು ಶೇ. 27.8. ಇದರ ಕಾರಣ ಸರಳವಾಗಿದೆ. ನನ್ನ ಆಪ್ತ ಗೆಳೆಯರಿಗೆ ಗೊತ್ತಿರುವುದು ಬಹುಪಾಲು ನನಗೂ ಗೊತ್ತಿರುತ್ತದೆ, ದೂರದವರು ಬೇರೆ ವಲಯದ ಸುದ್ದಿಯನ್ನು ತರುತ್ತಾರೆ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಐದು ವರ್ಷಗಳ ಮಾಹಿತಿಯಿಂದ ಈ ವಿಚಾರವನ್ನು ಪ್ರಯೋಗಕ್ಕೆ ಒಡ್ಡಿ, ಒಂದು ತಿದ್ದುಪಡಿಯನ್ನು ಸೂಚಿಸಿತು: ತೀರ ದೂರದ ಪರಿಚಯಕ್ಕಿಂತ ಮಧ್ಯಮ ದೂರದ, ಅಂದರೆ ಇಬ್ಬರಿಗೂ ಸಮಾನವಾದ ಕೆಲವು ಪರಿಚಯಸ್ಥರಿರುವ ನಂಟು ಕೆಲಸ ಬದಲಾವಣೆಗೆ ಹೆಚ್ಚು ನೆರವಾಗುತ್ತದೆ; ತಂತ್ರಜ್ಞಾನವನ್ನು ಹೆಚ್ಚಾಗಿ ಬಳಸುವ ಉದ್ಯಮಗಳಲ್ಲಿ ದೂರದ ನಂಟುಗಳ ಪ್ರಯೋಜನ ಇನ್ನಷ್ಟು ಎದ್ದು ಕಾಣುತ್ತದೆ. ಈ ಫಲಿತಾಂಶದಿಂದ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಸುದ್ದಿ ತರುವಷ್ಟು ದೂರ, ಸಾಕ್ಷಿ ಹೇಳುವಷ್ಟು ಹತ್ತಿರ ಇರುವವರು ಯಾರು ಎಂದು ಯೋಚಿಸಿದರೆ ಮೊದಲು ನೆನಪಾಗುವುದು ಕಂಪನಿ ಬಿಟ್ಟುಹೋದ ಹಳೆಯ ಸಹೋದ್ಯೋಗಿಗಳು.

ಚದುರಿಹೋದ ಹಳೆಯ ಸಹೋದ್ಯೋಗಿಗಳು

ಎರಡೂ ಅಳತೆಗಳಲ್ಲಿ ಇದಕ್ಕೆ ಸಮನಾದ ದಾರಿ ಮತ್ತೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನಂಥ ಊರಿನಲ್ಲಿ ಹತ್ತು ವರ್ಷ ದುಡಿದವರ ಹಳೆಯ ತಂಡಗಳ ಜನ ಇಂದು ಇಪ್ಪತ್ತು ಮೂವತ್ತು ಕಂಪನಿಗಳಲ್ಲಿ ಹರಡಿಕೊಂಡಿರುತ್ತಾರೆ. ಕೆಲವರು ಸ್ವತಃ ಮ್ಯಾನೇಜರುಗಳಾಗಿ ಹುದ್ದೆ ತುಂಬುವ ಅಧಿಕಾರದಲ್ಲಿರುತ್ತಾರೆ. ಒಂದು ಹುದ್ದೆಗೆ ಮಂಜೂರಾತಿ ಸಿಕ್ಕಿ, ಜೆಡಿ (ಹುದ್ದೆಯ ವಿವರಣೆ) ಬರೆದು, ಅದು ಜಾಲತಾಣದಲ್ಲಿ ಕಾಣಿಸಿಕೊಳ್ಳುವ ಮೊದಲೇ ತಂಡದೊಳಗೆ "ನಿಮಗೆ ಯಾರಾದರೂ ಗೊತ್ತೇ" ಎಂಬ ಮಾತು ಓಡಾಡಿರುತ್ತದೆ. ಆ ಮಾತು ನಡೆಯುವ ಹೊತ್ತಿನಲ್ಲಿ ನಮ್ಮ ಹೆಸರು ಒಬ್ಬರ ನೆನಪಿಗೆ ಬರುವಂತಿದ್ದರೆ ನಾವು ನೂರಾರು ಅರ್ಜಿಗಳ ಸಾಲಿನಲ್ಲಿ ನಿಲ್ಲಬೇಕಾಗುವುದಿಲ್ಲ.

ಇಲ್ಲಿ ಅಡ್ಡ ಬರುವುದು ದಾಕ್ಷಿಣ್ಯ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ನಮ್ಮಲ್ಲಿ ಅನೇಕರು, ಅದರಲ್ಲಿಯೂ ಒಳ್ಳೆಯ ಕೆಲಸಗಾರರು, ಈ ಒಂದು ಕಾರಣಕ್ಕೇ ಅತ್ಯುತ್ತಮ ದಾರಿಯನ್ನು ಬಿಟ್ಟು ಅಪರಿಚಿತ ಜಾಲತಾಣಗಳಲ್ಲಿ ಅರ್ಜಿ ಹಾಕುತ್ತ ಕೂರುತ್ತಾರೆ. ಇಷ್ಟು ವರ್ಷ ಮಾತನಾಡಿಸದವರನ್ನು ಈಗ ಕೆಲಸ ಬೇಕಾದಾಗ ಮಾತನಾಡಿಸುವುದು ಹೇಗೆ ಎಂಬ ಮುಜುಗರ ನನಗೂ ಇತ್ತು. ಆದರೆ ಎದುರಿನ ಜಾಗದಲ್ಲಿ ಕುಳಿತು ನೋಡಿದಾಗ ಬೇರೆಯೇ ಸಂಗತಿ ಕಂಡಿತು. ನನ್ನೊಡನೆ ಚೆನ್ನಾಗಿ ದುಡಿದ ಒಬ್ಬರು ಐದು ವರ್ಷದ ನಂತರ ಫೋನು ಮಾಡಿ ಕೆಲಸದ ವಿಷಯ ಕೇಳಿದರೆ ನನಗೆ ಸಂತೋಷವೇ ಆಗುತ್ತದೆ, ಕಾರಣ ನಮ್ಮ ತಂಡಕ್ಕೂ ನಂಬಬಹುದಾದವರು ಬೇಕಾಗಿರುತ್ತಾರೆ. ಬೇಸರ ತರುವುದು ಕೇಳುವ ರೀತಿ: "ಏನಾದರೂ ಓಪನಿಂಗ್ ಇದ್ದರೆ ಹೇಳಿ" ಎಂಬ ಗೊತ್ತುಗುರಿಯಿಲ್ಲದ ಒಂದು ಸಾಲನ್ನು ಕಳಿಸಿದರೆ, ಹುಡುಕುವ ಭಾರವೆಲ್ಲ ಓದಿದವರ ಮೇಲೆ ಬೀಳುತ್ತದೆ.

ಹೆಚ್ಚು ಉತ್ತರ ತಂದುಕೊಟ್ಟ ಸಂದೇಶದ ಮಾದರಿ ಹೀಗಿತ್ತು: "ನಮಸ್ಕಾರ. 2015ರಲ್ಲಿ ಪಾವತಿ ವ್ಯವಸ್ಥೆಯ ತಂಡದಲ್ಲಿ ಜೊತೆಗಿದ್ದೆವು, ಡೇಟಾಬೇಸ್ ವರ್ಗಾವಣೆಯ ಕೆಲಸವನ್ನು ನಾನು ನೋಡಿಕೊಳ್ಳುತ್ತಿದ್ದೆ. ಈಗಲೂ ಬ್ಯಾಕೆಂಡ್‌ನಲ್ಲಿಯೇ, ಜಾವಾ ಮತ್ತು ಕಾಫ್ಕಾ ಬಳಸುವ ವ್ಯವಸ್ಥೆಗಳಲ್ಲಿ ಇದ್ದೇನೆ. ಕೋಡ್ ಬರೆಯುವ ಸ್ಟಾಫ್ ಎಂಜಿನಿಯರ್ ಹುದ್ದೆಯನ್ನು ಹುಡುಕುತ್ತಿದ್ದೇನೆ. ನಿಮ್ಮ ಕಂಪನಿಯಲ್ಲಿ ಇಂಥ ವ್ಯವಸ್ಥೆಗಳನ್ನು ನೋಡಿಕೊಳ್ಳುವ ತಂಡ ಯಾವುದು, ಅಲ್ಲಿ ಯಾರೊಡನೆ ಮಾತನಾಡಬಹುದು ಎಂದು ತಿಳಿಸಿದರೆ ಉಪಕಾರವಾಗುತ್ತದೆ." ಇದರಲ್ಲಿ ಜೊತೆಗಿದ್ದ ಕಾಲ, ಮಾಡಿದ ಕೆಲಸ, ಬೇಕಾದ ಹುದ್ದೆ ಮೂರೂ ಸ್ಪಷ್ಟವಾಗಿವೆ. ಕೇಳಿದ್ದು ಕೆಲಸವನ್ನಲ್ಲ, ಒಂದು ಮಾಹಿತಿಯನ್ನು. ಅದನ್ನು ಕೊಡಲು ಯಾರಿಗೂ ಕಷ್ಟವಾಗದು. ಉತ್ತರ ಬಾರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ಮಾತ್ರ ನೆನಪಿಸಿ, ಅಲ್ಲಿಗೆ ನಿಲ್ಲಿಸಬೇಕು.

ಪಟ್ಟಿಯನ್ನು ಸಿದ್ಧಪಡಿಸುವಾಗ ಹೆಚ್ಚಿನವರು ಹಳೆಯ ಮ್ಯಾನೇಜರುಗಳನ್ನು ಮಾತ್ರ ನೆನಪಿಸಿಕೊಳ್ಳುತ್ತಾರೆ. ಟೆಸ್ಟರುಗಳು, ಪ್ರಾಡಕ್ಟ್ ಮ್ಯಾನೇಜರುಗಳು, ಆಪರೇಷನ್ಸ್ ತಂಡದವರು, ಗ್ರಾಹಕ ಕಂಪನಿಯ ಎಂಜಿನಿಯರುಗಳು, ನಾವು ಕೋಡ್ ರಿವ್ಯೂ ಮಾಡಿ ಕಲಿಸಿದ ಕಿರಿಯರು, ಇವರೆಲ್ಲರೂ ಅದರಲ್ಲಿರಬೇಕು. ಒಮ್ಮೆ ತರಬೇತಿಗೆಂದು ನಮ್ಮ ತಂಡಕ್ಕೆ ಸೇರಿದವರು ಹತ್ತು ವರ್ಷದಲ್ಲಿ ಎಂಜಿನಿಯರಿಂಗ್ ಮ್ಯಾನೇಜರ್ ಆಗಿರುವುದು ಈ ಕ್ಷೇತ್ರದಲ್ಲಿ ತೀರ ಸಾಮಾನ್ಯ, ಮತ್ತು ಹಿರಿಯರು ತಮ್ಮನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ಕಿರಿಯರು ಮರೆಯುವುದಿಲ್ಲ.

ಈ ದಾರಿಯ ಮಿತಿಯನ್ನೂ ಹೇಳಬೇಕು. ತಂತ್ರಜ್ಞಾನವನ್ನೇ ಬದಲಿಸಲು ಹೊರಟವರಿಗೆ, ಉದಾಹರಣೆಗೆ ಹತ್ತು ವರ್ಷ ಮೇನ್‌ಫ್ರೇಮ್ ಮೇಲೆ ದುಡಿದು ಈಗ ಕ್ಲೌಡ್ ಕಡೆಗೆ ಹೋಗಬೇಕೆನ್ನುವವರಿಗೆ, ಹಳೆಯ ಸಹೋದ್ಯೋಗಿಗಳ ಸಾಕ್ಷ್ಯ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಸ್ವಭಾವದ ಬಗ್ಗೆ ಅವರು ಹೇಳಬಲ್ಲರು, ಹೊಸ ಕೌಶಲದ ಬಗ್ಗೆ ಹೇಳಲಾರರು.

ರೆಫರಲ್ ಎಂಬ ಒಂದೇ ಹೆಸರಿನ ಎರಡು ವಸ್ತುಗಳು

ಲಿಂಕ್ಡ್‌ಇನ್‌ನಲ್ಲಿ ಅಪರಿಚಿತರಿಗೆ "ದಯವಿಟ್ಟು ರೆಫರ್ ಮಾಡಿ" ಎಂದು ಬರೆದು, ಅವರು ಕಂಪನಿಯ ಒಳಗಿನ ಪೋರ್ಟಲಿನಲ್ಲಿ ನಮ್ಮ ರೆಸ್ಯೂಮೆಯನ್ನು ಹಾಕುವುದು ಒಂದು ಬಗೆ. ನಮ್ಮ ಜೊತೆ ದುಡಿದವರು ಹೈರಿಂಗ್ ಮ್ಯಾನೇಜರಿಗೆ ನಮ್ಮ ಬಗ್ಗೆ ನಾಲ್ಕು ಸಾಲು ಬರೆದು, ನಂತರ ಪೋರ್ಟಲಿನಲ್ಲಿ ಹೆಸರು ಹಾಕುವುದು ಇನ್ನೊಂದು ಬಗೆ. ಎರಡನ್ನೂ ರೆಫರಲ್ ಎಂದೇ ಕರೆಯುತ್ತೇವೆ, ಆದರೆ ಇವೆರಡರ ತೂಕಕ್ಕೆ ಹೋಲಿಕೆಯೇ ಇಲ್ಲ. ರೆಫರಲ್ ಬೋನಸ್ (ಸೂಚಿಸಿದವರು ಕೆಲಸಕ್ಕೆ ಸೇರಿದರೆ ನೌಕರನಿಗೆ ಸಿಗುವ ಹಣ) ಇರುವ ಕಂಪನಿಗಳಲ್ಲಿ ಅಪರಿಚಿತರನ್ನು ರೆಫರ್ ಮಾಡುವುದರಿಂದ ನೌಕರನಿಗೆ ನಷ್ಟವೇನೂ ಇಲ್ಲ. ರಿಕ್ರೂಟರುಗಳಿಗೂ ಇದು ಗೊತ್ತು. ಹಲವು ಪೋರ್ಟಲುಗಳು "ಈ ಅಭ್ಯರ್ಥಿಯನ್ನು ನೀವು ಹೇಗೆ ಬಲ್ಲಿರಿ" ಎಂದು ಕೇಳುತ್ತವೆ, ಅಲ್ಲಿ ಖಾಲಿ ಉತ್ತರವಿದ್ದರೆ ಅದು ಸಾಮಾನ್ಯ ಅರ್ಜಿಗಿಂತ ಸ್ವಲ್ಪವೇ ಮೇಲು.

ಅನುಕ್ರಮದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ, ಇದನ್ನು ತಿಳಿಯದೆ ಅವಕಾಶ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಅನೇಕ ಕಂಪನಿಗಳ ನೇಮಕಾತಿ ತಂತ್ರಾಂಶದಲ್ಲಿ ಒಬ್ಬ ಅಭ್ಯರ್ಥಿಯ ಹೆಸರು ಮೊದಲು ಯಾವ ದಾರಿಯಿಂದ ಬಂತೋ ಅದೇ ದಾರಿಯ ಲೆಕ್ಕಕ್ಕೆ ಕೆಲವು ತಿಂಗಳ ಕಾಲ ಸೇರಿರುತ್ತದೆ. ನಾವೇ ಜಾಲತಾಣದಲ್ಲಿ ಅರ್ಜಿ ಹಾಕಿದ್ದರೆ, ಅಥವಾ ಒಂದು ಕನ್ಸಲ್ಟೆನ್ಸಿ (ಕಂಪನಿಗಳಿಗೆ ಅಭ್ಯರ್ಥಿಗಳನ್ನು ಹುಡುಕಿಕೊಡುವ ಸಂಸ್ಥೆ) ನಮ್ಮ ರೆಸ್ಯೂಮೆಯನ್ನು ಕಳಿಸಿದ್ದರೆ, ಆಮೇಲೆ ಹಳೆಯ ಸಹೋದ್ಯೋಗಿ ರೆಫರ್ ಮಾಡಲು ಹೋದಾಗ "ಈಗಾಗಲೇ ದಾಖಲಾಗಿದೆ" ಎಂಬ ಉತ್ತರ ಬರುತ್ತದೆ. ಆದ್ದರಿಂದ ಮನಸ್ಸಿಗೆ ಹಿಡಿಸಿದ ಕಂಪನಿಗಳ ಪಟ್ಟಿಯಲ್ಲಿ ಮೊದಲು ಪರಿಚಯಸ್ಥರನ್ನು ಹುಡುಕಬೇಕು, ಯಾರೂ ಇಲ್ಲದ ಕಡೆ ಮಾತ್ರ ಉಳಿದ ದಾರಿಗಳಿಗೆ ಇಳಿಯಬೇಕು.

ಲಿಂಕ್ಡ್‌ಇನ್ ಮತ್ತು ನೌಕ್ರಿ

ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ರೂಢಿಯಾದರೂ ಇವುಗಳ ಕೆಲಸ ಬೇರೆ ಬೇರೆ. 1997ರಲ್ಲಿ ಆರಂಭವಾದ ನೌಕ್ರಿ ಮೂಲತಃ ರೆಸ್ಯೂಮೆಗಳ ಭಂಡಾರ. ರಿಕ್ರೂಟರುಗಳು ಅಲ್ಲಿ ಕೌಶಲ, ಅನುಭವದ ವರ್ಷ, ಸಂಬಳ, ಊರು ಮತ್ತು ನೋಟಿಸ್ ಪೀರಿಯಡ್ (ರಾಜೀನಾಮೆಯ ನಂತರವೂ ದುಡಿಯಬೇಕಾದ ಅವಧಿ) ಮುಂತಾದ ಜರಡಿಗಳನ್ನು ಹಾಕಿ ಹುಡುಕುತ್ತಾರೆ. 2003ರಲ್ಲಿ ಬಳಕೆಗೆ ಬಂದು 2016ರಲ್ಲಿ ಮೈಕ್ರೋಸಾಫ್ಟ್ ಕೈಸೇರಿದ ಲಿಂಕ್ಡ್‌ಇನ್ ವೃತ್ತಿಪರರ ವಿಳಾಸ ಪುಸ್ತಕ. ಯಾರು ಎಲ್ಲಿದ್ದಾರೆ, ಮೊದಲು ಎಲ್ಲಿದ್ದರು, ನಮ್ಮಿಬ್ಬರಿಗೂ ಗೊತ್ತಿರುವವರು ಯಾರು ಎಂಬುದನ್ನು ಅದರಷ್ಟು ಚೆನ್ನಾಗಿ ತಿಳಿಸುವ ಸಾಧನ ಬೇರೆ ಇಲ್ಲ.

ಈ ವ್ಯತ್ಯಾಸದಿಂದಲೇ ಆಯ್ಕೆ ಸಾಧ್ಯ. ಒಂದು ತಿಂಗಳೊಳಗೆ ಸೇರಬಲ್ಲವರು, ಈಗಾಗಲೇ ರಾಜೀನಾಮೆ ಕೊಟ್ಟು ಲಾಸ್ಟ್ ವರ್ಕಿಂಗ್ ಡೇ ಗೊತ್ತಾಗಿರುವವರು ನೌಕ್ರಿಯಲ್ಲಿ ಬೇಗ ಕಣ್ಣಿಗೆ ಬೀಳುತ್ತಾರೆ, ಏಕೆಂದರೆ ಭಾರತದ ಅನೇಕ ಕಂಪನಿಗಳ 90 ದಿನಗಳ ನೋಟಿಸ್ ಪೀರಿಯಡ್ ನೇಮಕ ಮಾಡುವವರಿಗೆ ದೊಡ್ಡ ತಲೆನೋವು. ಆದರೆ ಹದಿನೈದು ವರ್ಷ ದಾಟಿದವರಿಗೆ ಅಲ್ಲಿಂದ ಬರುವ ಕರೆಗಳಲ್ಲಿ ಹುದ್ದೆಯ ಹೊಂದಾಣಿಕೆ ಕಡಿಮೆ. ಕೀಲಿಪದ ನೋಡಿ ಕರೆದವರಿಗೆ ಟೆಕ್ ಲೀಡ್‌ಗೂ ಪ್ರಿನ್ಸಿಪಲ್ ಎಂಜಿನಿಯರಿಗೂ ಇರುವ ಅಂತರ ಎಷ್ಟೋ ಬಾರಿ ತಿಳಿದಿರುವುದಿಲ್ಲ.

ಲಿಂಕ್ಡ್‌ಇನ್‌ನಲ್ಲಿ ದಿನಕ್ಕೊಂದು ಬರಹ ಹಾಕಿ ಅನುಯಾಯಿಗಳನ್ನು ಗಳಿಸಬೇಕು ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬೋಧನೆ, ಸಲಹಾ ವೃತ್ತಿ ಅಥವಾ ಸ್ವಂತ ಉದ್ಯಮ ನಡೆಸುವವರಿಗೆ ಅದು ಸರಿ ಇರಬಹುದು. ಕೆಲಸ ಹುಡುಕುವ ಎಂಜಿನಿಯರಿಗೆ ಅಲ್ಲಿ ಬೇಕಾದದ್ದು ಹುಡುಕಿದಾಗ ಸಿಗುವಂಥ ನಿಖರ ಪ್ರೊಫೈಲ್ ಮತ್ತು ಹಳೆಯ ಸಹೋದ್ಯೋಗಿಗಳ ಇಂದಿನ ವಿಳಾಸ. ನೂರು ಜನ ಮೆಚ್ಚಿದ ಬರಹಕ್ಕಿಂತ, ಹಳೆಯ ತಂಡದ ಇಪ್ಪತ್ತು ಜನ ಈಗ ಎಲ್ಲಿದ್ದಾರೆ ಎಂದು ಒಂದು ಸಂಜೆ ಕುಳಿತು ಬರೆದುಕೊಂಡ ಪಟ್ಟಿ ಹೆಚ್ಚು ಪ್ರಯೋಜನಕಾರಿ.

ಕೆಲಸದಲ್ಲಿದ್ದುಕೊಂಡೇ ಹುಡುಕುವವರು ಗೋಪ್ಯತೆಯನ್ನು ಗಮನಿಸಬೇಕು. ಲಿಂಕ್ಡ್‌ಇನ್‌ನ "ಓಪನ್ ಟು ವರ್ಕ್" ಗುರುತನ್ನು ಎಲ್ಲರಿಗೂ ಕಾಣುವಂತೆ ಅಥವಾ ರಿಕ್ರೂಟರುಗಳಿಗೆ ಮಾತ್ರ ಕಾಣುವಂತೆ ಇಡಬಹುದು. ಎರಡನೆಯದರಲ್ಲಿ ನಮ್ಮದೇ ಕಂಪನಿಯ ರಿಕ್ರೂಟರುಗಳಿಂದ ಮರೆಮಾಡುವ ಪ್ರಯತ್ನವಿದ್ದರೂ ಪೂರ್ಣ ಗೋಪ್ಯತೆಯ ಖಾತರಿಯನ್ನು ಆ ಸಂಸ್ಥೆಯೇ ಕೊಡುವುದಿಲ್ಲ. ನೌಕ್ರಿಯಲ್ಲಿ ನಿರ್ದಿಷ್ಟ ಕಂಪನಿಗಳಿಗೆ ಪ್ರೊಫೈಲ್ ಕಾಣದಂತೆ ತಡೆಯುವ ಸೌಲಭ್ಯವಿದೆ. ಆದರೂ ಕನ್ಸಲ್ಟೆನ್ಸಿಗಳ ಮೂಲಕ ರೆಸ್ಯೂಮೆ ಎಲ್ಲಿಗೆ ಬೇಕಾದರೂ ತಲುಪಬಹುದು ಎಂಬ ಅರಿವಿನಿಂದಲೇ ಅದನ್ನು ಬಳಸಬೇಕು.

ಕನ್ಸಲ್ಟೆನ್ಸಿಗಳು ಮತ್ತು ರಿಕ್ರೂಟರುಗಳು

ರಿಕ್ರೂಟರ್ ಯಾರ ಪರವಾಗಿ ದುಡಿಯುತ್ತಾರೆ ಎಂಬುದು ತಿಳಿದಿದ್ದರೆ ಈ ದಾರಿಯಲ್ಲಿ ನಿರಾಶೆ ಕಡಿಮೆಯಾಗುತ್ತದೆ. ಕನ್ಸಲ್ಟೆನ್ಸಿಗೆ ಹಣ ಕೊಡುವುದು ಕಂಪನಿ. ವಾರ್ಷಿಕ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳದಷ್ಟು, ಎಂಬುದು ಭಾರತದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಲೆಕ್ಕ. ಆದುದರಿಂದ ಅವರು ಕಂಪನಿಗೆ ವ್ಯಕ್ತಿಯನ್ನು ಹುಡುಕುತ್ತಾರೆ, ನಮಗೆ ಕೆಲಸವನ್ನು ಹುಡುಕುವುದಿಲ್ಲ. ಅವರಿಂದ ಸುದ್ದಿ ಸಿಗುತ್ತದೆ, ಸಾಕ್ಷ್ಯ ಸಿಗುವುದಿಲ್ಲ. ಅಭ್ಯರ್ಥಿಯಿಂದ ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಮುಂತಾದ ಹೆಸರಿನಲ್ಲಿ ಹಣ ಕೇಳಿದರೆ ಅದನ್ನು ವಂಚನೆಯೆಂದೇ ತಿಳಿದು ದೂರವಿರಬೇಕು. ಹಣ ಹೋಗಿದ್ದರೆ 1930 ಸಂಖ್ಯೆಯ ಸೈಬರ್ ಸಹಾಯವಾಣಿಗೆ ತಡಮಾಡದೆ ತಿಳಿಸಬೇಕು.

ಒಂದು ಕ್ಷೇತ್ರದಲ್ಲಿ ಮಾತ್ರ ಈ ದಾರಿಗೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ವಿದೇಶಿ ಕಂಪನಿಗಳು ಬೆಂಗಳೂರಿನಲ್ಲಿ ತೆರೆಯುವ ಜಿಸಿಸಿಗಳು, ಅಂದರೆ ತಮ್ಮದೇ ಕೆಲಸಕ್ಕಾಗಿ ನಡೆಸುವ ಕೇಂದ್ರಗಳು, ಆರಂಭದಲ್ಲಿ ಇಲ್ಲಿ ಪರಿಚಿತ ಹೆಸರಾಗಿರುವುದಿಲ್ಲ, ರೆಫರ್ ಮಾಡಲು ಒಳಗೆ ನೌಕರರೂ ಇರುವುದಿಲ್ಲ. ಮೊದಲ ಇಪ್ಪತ್ತು ಮೂವತ್ತು ಹಿರಿಯ ಎಂಜಿನಿಯರುಗಳನ್ನು ಕಲೆಹಾಕುವ ಹೊಣೆಯನ್ನು ಅವು ಆಯ್ದ ರಿಕ್ರೂಟರುಗಳಿಗೆ ಒಪ್ಪಿಸುತ್ತವೆ. ಅಂಥ ಕೆಲಸ ಮಾಡುವ ಇಬ್ಬರು ಮೂವರು ರಿಕ್ರೂಟರುಗಳ ನಂಟನ್ನು, ನಮಗೆ ಕೆಲಸ ಬೇಡವಾದ ಕಾಲದಲ್ಲಿಯೂ ಉಳಿಸಿಕೊಂಡಿರುವುದು ಒಳ್ಳೆಯದು. ಅವರ ಕರೆಗೆ "ನನಗೆ ಈಗ ಆಸಕ್ತಿಯಿಲ್ಲ, ಆದರೆ ಈ ಹುದ್ದೆಗೆ ಒಪ್ಪುವ ಇನ್ನೊಬ್ಬರು ಗೊತ್ತು" ಎಂದು ಉತ್ತರಿಸಿದವರನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ. ಯಾವ ಕಂಪನಿಗೆ ಕಳಿಸುತ್ತಿದ್ದಾರೆ ಎಂದು ಹೆಸರು ಹೇಳದೆ ರೆಸ್ಯೂಮೆ ಕೇಳುವವರಿಗೆ ಮಾತ್ರ ಕೊಡಬಾರದು.

ಮೀಟಪ್, ಸಮ್ಮೇಳನ, ಮುಕ್ತ ತಂತ್ರಾಂಶ

ಒಂದೇ ಆಸಕ್ತಿಯ ಎಂಜಿನಿಯರುಗಳು ಆಗಾಗ ಸೇರುವ ಕೂಟಗಳೇ ಮೀಟಪ್‌ಗಳು. ಬೆಂಗಳೂರಿಗೆ ಈ ವಿಷಯದಲ್ಲಿ ದೊಡ್ಡ ಪರಂಪರೆಯೇ ಇದೆ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ ಆರಂಭವಾದ ಸಮ್ಮೇಳನ ಮುಂದೆ ಫಾಸ್ ಡಾಟ್ ಇನ್ ಆಗಿ ವರ್ಷಗಳ ಕಾಲ ನಡೆಯಿತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಬಳಸುವವರ ಬ್ಯಾಂಗ್‌ಪೈಪರ್ಸ್ ಬಳಗ ಇಲ್ಲಿಯದೇ. ಮೊದಲ ಪೈಕಾನ್ ಇಂಡಿಯಾ ಸಮ್ಮೇಳನವು 2009ರ ಸೆಪ್ಟೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಡೆಯಿತು. 2010ರಲ್ಲಿ ಹುಟ್ಟಿದ ಹ್ಯಾಸ್‌ಗೀಕ್, ಸರ್ವರ್ ನಿರ್ವಹಣೆಯವರಿಗಾಗಿ ರೂಟ್‌ಕಾನ್ಫ್, ಡೇಟಾ ಕ್ಷೇತ್ರದವರಿಗಾಗಿ ಫಿಫ್ತ್ ಎಲಿಫೆಂಟ್ ಎಂಬ ಸಮ್ಮೇಳನಗಳನ್ನು ಬೆಳೆಸಿತು. 2020ರಲ್ಲಿ ಆರಂಭವಾದ ಫಾಸ್ ಯುನೈಟೆಡ್ ಇಂಡಿಯಾಫಾಸ್ ಎಂಬ ಸಮ್ಮೇಳನವನ್ನು ನಡೆಸುತ್ತದೆ. ಅದರ ಊರೂರಿನ ಬಳಗಗಳು ಬಿಡುವಿನ ದಿನಗಳಲ್ಲಿ ಸೇರುತ್ತವೆ.

ಇಲ್ಲಿಗೆ ಕೆಲಸ ಹುಡುಕಲೆಂದು ಮೊದಲ ಬಾರಿಗೆ ಬಂದವರಿಗೆ ಏನೂ ಸಿಗುವುದಿಲ್ಲ. ಕಾಫಿ ವಿರಾಮದಲ್ಲಿ ಹದಿನೈದು ಜನರ ಪರಿಚಯ ಮಾಡಿಕೊಂಡು ಮರುದಿನ ಎಲ್ಲರಿಗೂ ರೆಸ್ಯೂಮೆ ಕಳಿಸಿದರೆ ಆ ಹದಿನೈದೂ ಜನರಿಗೆ ನಮ್ಮ ಬಗ್ಗೆ ಹೇಳಲು ಏನೂ ಇರುವುದಿಲ್ಲ. ಆರು ತಿಂಗಳು ತಪ್ಪದೆ ಹೋಗಿ, ಒಂದು ಉಪನ್ಯಾಸ ಕೊಟ್ಟು, ಕುರ್ಚಿ ಜೋಡಿಸುವುದರಿಂದ ಹಿಡಿದು ಭಾಷಣಕಾರರನ್ನು ಹುಡುಕುವವರೆಗೆ ಸ್ವಯಂಸೇವೆ ಮಾಡಿದವರ ಮಾತು ಬೇರೆ. ಇಪ್ಪತ್ತು ನಿಮಿಷದ ಉಪನ್ಯಾಸದಲ್ಲಿ ತಮ್ಮ ವ್ಯವಸ್ಥೆ ಯಾವಾಗ ಕುಸಿಯಿತು, ಕಾರಣವನ್ನು ಹೇಗೆ ಹುಡುಕಿದರು ಎಂದು ಪ್ರಾಮಾಣಿಕವಾಗಿ ವಿವರಿಸಿದ ಎಂಜಿನಿಯರ್ ಅಷ್ಟೂ ಕೇಳುಗರನ್ನು ಸಾಕ್ಷಿಗಳನ್ನಾಗಿ ಮಾಡಿಕೊಂಡಿರುತ್ತಾರೆ.

ಮುಕ್ತ ತಂತ್ರಾಂಶಕ್ಕೆ, ಅಂದರೆ ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶಕ್ಕೆ, ಕೋಡ್ ಕೊಡುವುದು ಇದೇ ಜಾತಿಯ ಬೆಳೆ, ಆದರೆ ಇನ್ನೂ ನಿಧಾನ, ಇನ್ನೂ ಗಟ್ಟಿ. ಕಂಪನಿಯ ಒಳಗೆ ಬರೆದ ಕೋಡನ್ನು ಯಾರಿಗೂ ತೋರಿಸಲಾಗದು. ಇಲ್ಲಿ ಬರೆದ ಪ್ರತಿ ಸಾಲು, ರಿವ್ಯೂನಲ್ಲಿ ನಡೆದ ಪ್ರತಿ ಮಾತು ಯಾರು ಬೇಕಾದರೂ ಓದುವಂತೆ ಉಳಿದಿರುತ್ತದೆ. ತಂತ್ರಜ್ಞಾನ ಬದಲಿಸುವವರಿಗೆ ಹಳೆಯ ಸಹೋದ್ಯೋಗಿಗಳು ಕೊಡಲಾರದ ಸಾಕ್ಷ್ಯವನ್ನು ಕೊಡುವ ದಾರಿ ಇದೊಂದೇ ಎಂದು ನನಗೆ ತೋರುತ್ತದೆ. ಆದರೆ ದಾಖಲೆಯಲ್ಲಿನ ಒಂದು ಕಾಗುಣಿತ ತಪ್ಪನ್ನು ತಿದ್ದಿ ಅದನ್ನು ರೆಸ್ಯೂಮೆಯಲ್ಲಿ ಬರೆಯುವುದರಿಂದ ಯಾವ ಪ್ರಯೋಜನವೂ ಇಲ್ಲ. ತಾವು ದಿನವೂ ಬಳಸುವ ಒಂದೇ ಯೋಜನೆಯನ್ನು ಆಯ್ದುಕೊಂಡು, ವಾರಕ್ಕೆ ನಾಲ್ಕು ಗಂಟೆಯಂತೆ ಒಂದು ವರ್ಷ ಕೊಟ್ಟರೆ ಅದರ ನಿರ್ವಾಹಕರು ನಮ್ಮನ್ನು ಹೆಸರು ಹಿಡಿದು ಗುರುತಿಸುತ್ತಾರೆ. ಗ್ನೋಮ್, ಫೈರ್‌ಫಾಕ್ಸ್ ಮುಂತಾದ ಮುಕ್ತ ತಂತ್ರಾಂಶಗಳ ಕನ್ನಡೀಕರಣಕ್ಕೆ ದುಡಿದ ಗೆಳೆಯರು ನನಗಿದ್ದಾರೆ. ಬ್ಯಾಕೆಂಡ್ ಹುದ್ದೆಯ ಸಂದರ್ಶನದಲ್ಲಿ ಅದು ಹೆಚ್ಚು ತೂಗದಿರಬಹುದು, ಭಾಷೆಗೆ ಬೇಕಾದ ಆ ಕೆಲಸವನ್ನು ಅದರ ಸಲುವಾಗಿಯೇ ಮಾಡಬೇಕು.

ಮನೆಯ ಹೊಣೆ ಹೊತ್ತವರಿಗೆ ಇದು ಸುಲಭವಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಶನಿವಾರವೆಲ್ಲ ಮೀಟಪ್‌ನಲ್ಲಿ ಕಳೆಯುವುದು ಸಣ್ಣ ಮಕ್ಕಳಿರುವ, ವಯಸ್ಸಾದ ತಂದೆತಾಯಿಯರನ್ನು ನೋಡಿಕೊಳ್ಳುವ ಎಂಜಿನಿಯರಿಗೆ, ವಿಶೇಷವಾಗಿ ಮಹಿಳೆಯರಿಗೆ, ಅನೇಕ ಸಲ ಸಾಧ್ಯವೇ ಆಗುವುದಿಲ್ಲ. ಅಂಥವರು ಈ ದಾರಿಯನ್ನು ಬಿಟ್ಟರೆ ನಷ್ಟವೆಂದು ಕೊರಗಬೇಕಿಲ್ಲ.

ಕಾಲೇಜು, ಊರು, ಭಾಷೆ

ಕಾಲೇಜಿನ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಿಂದ ಸುದ್ದಿ ಧಾರಾಳವಾಗಿ ಸಿಗುತ್ತದೆ. ಸಾಕ್ಷ್ಯ ಸಿಗುವುದಿಲ್ಲ, ಏಕೆಂದರೆ ಹದಿನೈದು ವರ್ಷದ ಹಿಂದೆ ಒಂದೇ ಬೆಂಚಿನಲ್ಲಿ ಕುಳಿತವರು ನಮ್ಮ ಇಂದಿನ ಕೆಲಸವನ್ನು ಕಂಡಿರುವುದಿಲ್ಲ. ಕೆಲಸವನ್ನು ಹತ್ತಿರದಿಂದ ನೋಡಿದವರ ಕಡೆಗೆ ಅವರು ದಾರಿ ತೋರಿಸಬಲ್ಲರು, ಅಷ್ಟನ್ನು ಕೇಳಿದರೆ ಸಾಕು.

ಭಾಷೆಯ ನಂಟು ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಪರದೇಶದಲ್ಲಿ. ಅಮೆರಿಕದಲ್ಲಿ ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ದುಡಿಯುವವರು ಕೆಲಸ ಕಳೆದುಕೊಂಡರೆ, 2017ರಿಂದ ಜಾರಿಯಲ್ಲಿರುವ ನಿಯಮದಂತೆ, ಹೆಚ್ಚೆಂದರೆ 60 ದಿನಗಳ ಅವಧಿಯೊಳಗೆ ಬೇರೆ ಕಂಪನಿ ಅವರ ಪರವಾಗಿ ಅರ್ಜಿ ಸಲ್ಲಿಸಬೇಕು ಅಥವಾ ಅವರು ಬೇರೆ ಏರ್ಪಾಡು ಮಾಡಿಕೊಳ್ಳಬೇಕು. ವಾಸ್ತವ್ಯದ ಅನುಮತಿ ಅದಕ್ಕೂ ಮೊದಲೇ ಮುಗಿದರೆ ಅಷ್ಟೇ ದಿನ. ಇಷ್ಟು ಕಡಿಮೆ ಕಾಲದಲ್ಲಿ ಮೀಟಪ್ ಅಥವಾ ಮುಕ್ತ ತಂತ್ರಾಂಶದ ಮಾತೇ ಇಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಿಂದ ಇದೆ. ಇಂಥ ಕೂಟಗಳಲ್ಲಿ ರಾಜ್ಯೋತ್ಸವಕ್ಕೂ ಯುಗಾದಿಗೂ ಸೇರುವ ಜನ ಬೇರೆ ಬೇರೆ ಕಂಪನಿಗಳವರಾದ್ದರಿಂದ, ಯಾವ ಕಂಪನಿ ಈಗ ವೀಸಾ ವರ್ಗಾವಣೆಗೆ ಸಿದ್ಧವಿದೆ ಎಂಬ ಸುದ್ದಿ ಅಲ್ಲಿ ಒಂದೇ ದಿನದಲ್ಲಿ ಹಲವರಿಂದ ಸಿಗುತ್ತದೆ. ಅದರ ಜೊತೆಗೆ ಹಳೆಯ ಸಹೋದ್ಯೋಗಿಗಳಿಗೆ ಮೊದಲ ವಾರದಲ್ಲಿಯೇ, ಗಡುವಿನ ದಿನಾಂಕವನ್ನು ಸ್ಪಷ್ಟವಾಗಿ ತಿಳಿಸಿ, ಫೋನು ಮಾಡಬೇಕು. ಮುಚ್ಚಿಟ್ಟುಕೊಂಡು ಇಪ್ಪತ್ತು ದಿನ ಕಳೆಯುವುದು ತೀರ ದುಬಾರಿಯಾಗುತ್ತದೆ.

ಯಾರಿಗೆ ಯಾವುದು

ಕೆಲಸದಲ್ಲಿದ್ದು, ಅವಸರವಿಲ್ಲದೆ, ಒಂದು ವರ್ಷದೊಳಗೆ ಒಳ್ಳೆಯ ಕಡೆ ಹೋಗಬೇಕೆಂದಿರುವವರಿಗೆ ನನ್ನ ಸಲಹೆ: ಹಳೆಯ ಸಹೋದ್ಯೋಗಿಗಳಲ್ಲಿ ತಿಂಗಳಿಗೆ ನಾಲ್ವರ ಜೊತೆ ಮಾತು, ಒಂದು ಮೀಟಪ್ ಬಳಗದಲ್ಲಿ ನಿಯಮಿತ ಹಾಜರಿ. ನೌಕ್ರಿಯನ್ನು ಮುಟ್ಟುವ ಅಗತ್ಯವೇ ಇಲ್ಲ.

ಕೆಲಸ ಹೋಗಿ, ಮನೆಸಾಲದ ಕಂತು ಎದುರಿಗಿರುವವರಿಗೆ ಎಲ್ಲ ದಾರಿಗಳೂ ಬೇಕು, ಆದರೆ ಅನುಕ್ರಮ ತಪ್ಪಬಾರದು. ಮೊದಲ ವಾರ ಪೂರ್ತಿ ಹಳೆಯ ಸಹೋದ್ಯೋಗಿಗಳ ಪಟ್ಟಿ ಮತ್ತು ಕರೆಗಳಿಗೆ ಮೀಸಲು. ಎರಡನೆಯ ವಾರದಿಂದ ನೌಕ್ರಿ ಪ್ರೊಫೈಲನ್ನು "ತಕ್ಷಣ ಸೇರಬಲ್ಲೆ" ಎಂದು ತಿದ್ದಿ ಕರೆಗಳನ್ನು ಸ್ವೀಕರಿಸಬೇಕು, ಪರಿಚಯಸ್ಥರಿಲ್ಲದ ಕಂಪನಿಗಳಿಗೆ ಅರ್ಜಿ ಹಾಕಬೇಕು. ಕೆಲಸ ಹೋದದ್ದನ್ನು ಹೇಳಿಕೊಳ್ಳಲು ನಾಚಬೇಕಾಗಿಲ್ಲ. 2022ರ ಕೊನೆಯಿಂದ ಜಗತ್ತಿನ ದೊಡ್ಡ ದೊಡ್ಡ ತಂತ್ರಜ್ಞಾನ ಕಂಪನಿಗಳೇ ಸಾವಿರ ಸಾವಿರ ಜನರನ್ನು ತೆಗೆದ ಮೇಲೆ, ಸಂದರ್ಶನ ಮಾಡುವವರಲ್ಲಿಯೂ ಅನೇಕರು ಆ ಅನುಭವವನ್ನು ಹತ್ತಿರದಿಂದ ಕಂಡಿದ್ದಾರೆ.

ಮಕ್ಕಳ ಪಾಲನೆಗಾಗಿ ಕೆಲವು ವರ್ಷ ಕೆಲಸ ಬಿಟ್ಟು ಮರಳುತ್ತಿರುವ ಮಹಿಳೆಯರು ಜಾಲತಾಣಗಳ ಜರಡಿಯಲ್ಲಿ ಅನ್ಯಾಯವಾಗಿ ಹೊರಗುಳಿಯುತ್ತಾರೆ. ಅವರ ಕೆಲಸವನ್ನು ಕಂಡ ಹಳೆಯ ತಂಡದವರ ಮಾತೇ ಅವರ ದೊಡ್ಡ ಬಲ. ಅದರ ಜೊತೆಗೆ, 2015ರಲ್ಲಿ ಬೆಂಗಳೂರಿನಲ್ಲಿ ಜಾಬ್ಸ್‌ಫಾರ್‌ಹರ್ ಎಂಬ ಹೆಸರಿನಲ್ಲಿ ಆರಂಭವಾಗಿ ಈಗ ಹರ್‌ಕೀ ಎನಿಸಿಕೊಂಡಿರುವ ತಾಣದಂಥವು ಮರಳುವವರಿಗೆಂದೇ ಮೀಸಲಾದ ಹುದ್ದೆಗಳ ಸುದ್ದಿಯನ್ನು ಕೊಡುತ್ತವೆ.

ಎಲ್ಲರಿಗಿಂತ ಕಷ್ಟ ಇರುವುದು ಮೈಸೂರು, ಮಂಗಳೂರು ಅಥವಾ ಹುಬ್ಬಳ್ಳಿಯಲ್ಲಿ ಹದಿನಾಲ್ಕು ವರ್ಷ ಒಂದೇ ಕಂಪನಿಯಲ್ಲಿ ದುಡಿದು, ಊರು ಬಿಡಲಾಗದ ಸ್ಥಿತಿಯಲ್ಲಿರುವವರಿಗೆ. ಅವರ ಪರಿಚಯಸ್ಥರೆಲ್ಲ ಅದೇ ಕಟ್ಟಡದಲ್ಲಿರುತ್ತಾರೆ, ಸುದ್ದಿಯ ಬಾವಿ ಬತ್ತಿರುತ್ತದೆ. ಅಂಥ ಒಬ್ಬರ ಜೊತೆ ಕಳೆದ ವರ್ಷ ಕುಳಿತಿದ್ದೆ. ತನಗೆ ಹೊರಗೆ ಯಾರೂ ಗೊತ್ತಿಲ್ಲ ಎಂದೇ ಅವರು ಮಾತು ಆರಂಭಿಸಿದರು. ಕಂಪನಿ ಬಿಟ್ಟುಹೋದವರನ್ನು ವರ್ಷವಾರು ನೆನಪಿಸಿಕೊಳ್ಳುತ್ತ ಬರೆದಾಗ ಮೂವತ್ತೊಂದು ಹೆಸರುಗಳಾದವು. ಗ್ರಾಹಕ ಕಂಪನಿಯ ಕಡೆಯಿಂದ ಪ್ರತಿದಿನ ಕರೆಯಲ್ಲಿ ಮಾತನಾಡುತ್ತಿದ್ದ ಆರು ಜನ ಅದಕ್ಕೆ ಸೇರಿದರು. ಆ ಆರು ಜನರಲ್ಲಿ ಒಬ್ಬರು ಈಗ ಮನೆಯಿಂದಲೇ ಕೆಲಸ ಮಾಡಲು ಬಿಡುವ ಸಣ್ಣ ಕಂಪನಿಯೊಂದರಲ್ಲಿದ್ದರು. ಗ್ರಾಹಕರ ಕಡೆಯವರನ್ನು ಸಂಪರ್ಕಿಸುವ ಮೊದಲು ತಮ್ಮ ನೇಮಕಾತಿ ಪತ್ರದಲ್ಲಿ ಅದಕ್ಕೆ ನಿರ್ಬಂಧವಿದೆಯೇ ಎಂದು ಓದಿ ನೋಡಲು ಹೇಳಿದೆ. ಹಲವು ಕಂಪನಿಗಳು ಗ್ರಾಹಕರಲ್ಲಿ ಕೆಲಸಕ್ಕೆ ಸೇರುವುದನ್ನು ಒಂದು ಅವಧಿಯವರೆಗೆ ತಡೆಯುವ ಷರತ್ತನ್ನು ಹಾಕಿರುತ್ತವೆ. ಆ ವ್ಯಕ್ತಿ ಗ್ರಾಹಕ ಕಂಪನಿಯನ್ನು ಬಿಟ್ಟು ಎರಡು ವರ್ಷವಾಗಿದ್ದರಿಂದ ಅವರ ಈಗಿನ ಕಂಪನಿಗೆ ಆ ಷರತ್ತು ಅನ್ವಯಿಸುತ್ತಿರಲಿಲ್ಲ. ನನ್ನ ಜೊತೆ ಕುಳಿತಿದ್ದವರು ಅಂದು ಸಂಜೆಯೇ ಸಂದೇಶ ಬರೆದರು, ಕನ್ನಡದಲ್ಲಿ ಒಂದು ಕರಡು, ಇಂಗ್ಲಿಷಿನಲ್ಲಿ ಇನ್ನೊಂದು; ಕಳಿಸಿದ್ದು ಎರಡನೆಯದನ್ನು, ಏಕೆಂದರೆ ಓದುವವರು ಪುಣೆಯವರು.